ಕುಂಕುಮ ಹಚ್ಚಿದ ತಂತಿ

"ಗುರುಗಳೇ, ಮನೆಯಲ್ಲಿ ಹಾಡು ಕೇಳುವ ಸೆಟ್ಟಿನಲ್ಲಿ ಮೊದಲು ಯಾವುದನ್ನು ಬದಲಿಸಲಿ? ಸ್ಪೀಕರನ್ನೇ, ಆಂಪ್ಲಿಫೈಯರನ್ನೇ, ತಂತಿಯನ್ನೇ? ಇದೇ ಯೋಚನೆಯಲ್ಲಿ ಊಟವೂ ಸೇರುತ್ತಿಲ್ಲ. ಒಂದು ಮಾತು ಹೇಳಿಬಿಡಿ" ಎಂದು ಶಿಷ್ಯನೊಬ್ಬ ಏದುಸಿರು ಬಿಡುತ್ತ ಬಂದು ಕೇಳಿದ.

ಗುರು ಹೇಳಿದರು:

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನಿಗೂ ನಿನ್ನದೇ ಹುಚ್ಚು. ಅವನ ಸೋದರಮಾವ ಮೃದಂಗ ವಿದ್ವಾಂಸರು, ಗುಮ್ಕಿಗೆ ಹೆಸರಾದವರು. ಗುಮ್ಕಿ ಎಂದರೆ ಮೃದಂಗದ ಎಡಮುಖದಿಂದ ಏಳುವ ಆ ಗುಂಯ್ ಎನ್ನುವ ತುಂಬುದನಿ. ಲಕ್ವ ಹೊಡೆದು ಅವರ ಎಡಗೈ ಬಿದ್ದುಹೋಯಿತು. ಮುದುಕರು ನುಡಿಸುವುದಿರಲಿ, ಪಾಠ ಹೇಳುವುದನ್ನೂ ನಿಲ್ಲಿಸಿಬಿಟ್ಟರು.

ಅವರ ಹಳೆಯ ಕಚೇರಿಯೊಂದರ ಧ್ವನಿಮುದ್ರಣ ವ್ಯಾಪಾರಿಯ ಬಳಿ ಇತ್ತು. ಮಾವ ಅದನ್ನು ಕೇಳಿಯೇ ಇರಲಿಲ್ಲ. ತಮ್ಮ ಕೈಯನ್ನು ತಾವೇ ಒಮ್ಮೆ ಕೇಳಿದರೆ ಮತ್ತೆ ಪಾಠಕ್ಕೆ ಕೂತಾರು ಎಂದು ವ್ಯಾಪಾರಿಗೆ ಆಸೆ. ಯುಗಾದಿಗೆ ಬನ್ನಿ ಎಂದು ಕರೆದ. ಕರೆದ ಮೇಲೆ ಮಾಮೂಲಿ ಸೆಟ್ಟಿನಲ್ಲಿ ಕೇಳಿಸುವುದುಂಟೆ? ಮೊದಲು ಸ್ಪೀಕರುಗಳಿಗೆ ಬೆಳ್ಳಿ ಬಣ್ಣದ ಹೊಸ ತಂತಿ ತಂದ. ಒಂದೊಂದರಲ್ಲೂ ಹೊಸೆದ ಎರಡೆಳೆ. ನೋಡಲು ಎರಡೂ ಒಂದೇ. ಹೆಂಡತಿ ಅವನ್ನು ದೇವರ ಮುಂದಿಟ್ಟು, ಪ್ರತಿ ತುದಿಯಲ್ಲೂ ಒಂದೆಳೆಗೆ ಕುಂಕುಮ ಹಚ್ಚಿ ಕೊಟ್ಟಳು. ವ್ಯಾಪಾರಿ ಆಂಪ್ಲಿಫೈಯರಿನ ಕಡೆಯೂ ಸ್ಪೀಕರಿನ ಕಡೆಯೂ ಕುಂಕುಮ ಇದ್ದ ಎಳೆಯನ್ನು ಕೆಂಪು ತಿರುಪಿಗೂ ಇಲ್ಲದ ಎಳೆಯನ್ನು ಕಪ್ಪು ತಿರುಪಿಗೂ ಬಿಗಿದ.

ಅಂದಿನಿಂದ ಗುಮ್ಕಿ ಸೊರಗಿತು.

ಸ್ಪೀಕರ್ ಸಾಲದೇನೋ ಎಂದು ಆಳೆತ್ತರದ ಜೋಡಿ ತಂದ. ಗುಮ್ಕಿ ಬರಲಿಲ್ಲ. ಆಂಪ್ಲಿಫೈಯರ್ ಬದಲಿಸಿದ. ಬರಲಿಲ್ಲ. ಅಂಗಡಿಯ ಜಮಖಾನೆಗಳನ್ನೆಲ್ಲ ತಂದು ಗೋಡೆಗೆ ಹೊಡೆದ. ಗೆಳೆಯನೊಬ್ಬ "ತಂತಿ ಬಿಚ್ಚಿ ನೋಡೋ ಮಾರಾಯ" ಎಂದದ್ದಕ್ಕೆ, "ಪೂಜೆ ಮಾಡಿದ್ದಯ್ಯಾ ಅದು, ಅದರ ತಂಟೆಗೆ ಬರಬೇಡ" ಎಂದು ಗದರಿದ.

ಹಬ್ಬ ಬಂತು. ಮಾವ ಬಂದರು, ಕೋಲೂರಿಕೊಂಡು. ಹಾಡುವವರ ದನಿ, ಪಿಟೀಲು, ಮೃದಂಗದ ಬಲಗೈ ಎಲ್ಲ ಬಿಡಿಬಿಡಿಯಾಗಿ ಕೇಳಿತು. ಎಡಗೈ ಮಾತ್ರ ಇಲ್ಲ. ಮುದುಕರ ಮುಖ ಬಾಡಿತು.

"ಅಳಿಯಾ, ಇಷ್ಟು ದೊಡ್ಡ ಪೆಟ್ಟಿಗೆಯಲ್ಲೂ ನನ್ನ ಎಡಗೈ ಇಲ್ಲವಲ್ಲೋ. ಆಗಲೂ ಇರಲಿಲ್ಲ ಅಂತ ಕಾಣುತ್ತೆ. ಜನ ಸುಮ್ಮನೆ ಹೊಗಳಿದರು" ಎಂದು ಕೋಲು ಹಿಡಿದು ಎದ್ದರು.

"ಇದೆ ಮಾವಾ, ಇದೆ, ತಡೀರಿ!" ಎನ್ನುತ್ತ ವ್ಯಾಪಾರಿ ಸೆಟ್ಟಿನ ಕಡೆ ಓಡಿದ. ಕಾಲಿಗೆ ತಂತಿ ತೊಡರಿ ಕಿತ್ತುಬಂತು. ಎಡಗಡೆಯ ಸ್ಪೀಕರ್ ನಿಂತೇಹೋಯಿತು. ಅದೇ ಗಳಿಗೆಗೆ ಬಲಗಡೆಯದರಿಂದ ಗುಂಯ್ ಎಂದು ಗುಮ್ಕಿ ಎದ್ದು ನೆಲವೆಲ್ಲ ಅದುರಿತು.

ಮಾವ ಕೋಲು ಬಿಸಾಕಿದರು. "ಅದೇ! ಅದೇ ಕಣೋ!"

"ಮಾವಾ, ಒಂದು ಸ್ಪೀಕರ್ ಸತ್ತುಹೋಯಿತು!"

"ಸತ್ತರೆ ಸಾಯಲಿ ಬಿಡೋ, ನನ್ನ ಕೈ ಬದುಕಿತಲ್ಲ! ಮೊದಲಿಂದ ಹಾಕು!"

ವ್ಯಾಪಾರಿ ಕಿತ್ತ ತಂತಿಯ ಒಂದೆಳೆಯನ್ನು ಬೆರಳಲ್ಲಿ ಹಿಡಿದು ಆಚೆ ತುದಿಯವರೆಗೂ ಸವರಿಕೊಂಡು ಹೋದ. ಈ ತುದಿಯಲ್ಲಿ ಕುಂಕುಮ ಒಂದೆಳೆಗೆ, ಆ ತುದಿಯಲ್ಲಿ ಇನ್ನೊಂದೆಳೆಗೆ! ಹೆಂಡತಿ ಬಾಗಿಲಲ್ಲಿ ನಿಂತು ಬಿದ್ದುಬಿದ್ದು ನಕ್ಕಳು. "ನಾನು ಹಚ್ಚಿದ್ದು ಶುಭಕ್ಕೆ ರೀ, ಗುರುತಿಗಲ್ಲ!"

ಬಲಗಡೆಯ ತಂತಿ ಅದೃಷ್ಟಕ್ಕೆ ಸರಿಬಿದ್ದಿತ್ತು, ಎಡಗಡೆಯದು ತಿರುವುಮುರುವಾಗಿತ್ತು. ಒಂದು ಸ್ಪೀಕರ್ ಮುಂದಕ್ಕೆ ನೂಕಿದ್ದನ್ನು ಇನ್ನೊಂದು ಹಿಂದಕ್ಕೆ ಎಳೆಯುತ್ತ, ಎರಡೂ ಸೇರಿ ಗುಮ್ಕಿಯನ್ನು ನುಂಗುತ್ತಿದ್ದವು. ಎಳೆ ತಿರುಗಿಸಿ ಬಿಗಿದಾಗ ಮನೆಯೇ ಮೃದಂಗವಾಯಿತು. ಮಾವ ಬಲಗೈಯಲ್ಲಿ ತೊಡೆ ತಟ್ಟುತ್ತ, "ಹುಡುಗರಿಗೆ ಬರಹೇಳೋ. ಕೈ ಇಲ್ಲದಿದ್ದರೇನು, ಬಾಯಲ್ಲಿ ಹೇಳಿ ಕಲಿಸುತ್ತೇನೆ" ಎಂದರು.

ಗುರು ಕತೆ ಮುಗಿಸಿದರು. ಶಿಷ್ಯ ಜಿಗಿದೆದ್ದ.

"ತಿಳಿಯಿತು ಗುರುಗಳೇ! ಈಗಲೇ ಹೋಗಿ ತಂತಿ ಬಿಚ್ಚಿ ನೋಡುತ್ತೇನೆ!"

"ನಿನ್ನ ತಂತಿ ಸರಿಯಾಗಿಯೇ ಇದೆಯಪ್ಪ; ನಿನ್ನ ಒಂದು ಕಿವಿ ಹಾಡನ್ನು ಕೇಳುತ್ತದೆ, ಇನ್ನೊಂದು ಸ್ಪೀಕರನ್ನು ಕೇಳುತ್ತದೆ" ಎಂದರು ಗುರು.

ಬಾಗಿಲವರೆಗೆ ಹೋಗಿದ್ದ ಶಿಷ್ಯ ಅಲ್ಲೇ ನಿಂತ.