ಹನ್ನೆರಡನೆಯವನ ಚಿತ್ರ

ಹಿಂದೆ ಪೆಪ್ಪರ್‌ಮೆಂಟ್ ಪೊಟ್ಟಣದೊಳಗೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರಗಳನ್ನು ಹೆಗ್ಗಣವೊಂದು ಕೂಡಿಡುತ್ತಿತ್ತು. ಅದೂ ಯಾರಿಗೂ ಗೊತ್ತಿಲ್ಲದ ಆಟಗಾರರದ್ದು ಮಾತ್ರ. ಒಂದು ಮಧ್ಯಾಹ್ನ ಮುದಿ ಆಮೆಯೊಂದು ಬಾಗಿಲಿಗೆ ಬಂದು, "ಸ್ವಾಮಿ, ಕುಡಿಯಲು ಸ್ವಲ್ಪ ನೀರು ಕೊಡುವಿರಾ?" ಎಂದು ಕೇಳಿತು.

"ನೀರಿರಲಿ, ಮೊದಲು ಈ ಚಿತ್ರ ನೋಡು," ಎಂದಿತು ಹೆಗ್ಗಣ. "ಇವನು ತಂಡದ ಹನ್ನೆರಡನೆಯವನು. ಒಂದು ಪಂದ್ಯವನ್ನೂ ಆಡದೆ, ಆಡುವ ಹನ್ನೊಂದು ಮಂದಿಗೂ ಹತ್ತು ವರ್ಷ ನೀರು ಹೊತ್ತ. ಜಗತ್ತು ಇಂಥವರನ್ನು ಮರೆತಿದೆ. ನಾನು ಮರೆತಿಲ್ಲ!"

ಆಮೆ ಚಿತ್ರವನ್ನೇ ದಿಟ್ಟಿಸಿತು. "ಅದು ನಾನೇ, ಸ್ವಾಮಿ."

ಹೆಗ್ಗಣ ಗಾಬರಿಯಿಂದ ಬೀದಿಯ ಎರಡೂ ಕಡೆ ನೋಡಿತು. "ಮೆತ್ತಗೆ ಮಾತಾಡು! ನಾಲ್ಕು ಜನ ನಿನ್ನ ಗುರುತು ಹಿಡಿದರೆ ನನ್ನ ಸಂಗ್ರಹಕ್ಕೇನು ಬೆಲೆ? ನಡಿ, ನಡಿ!" ಎಂದು ಬಾಗಿಲು ಹಾಕಿಕೊಂಡಿತು. ಆಮೇಲೆ ಆ ಚಿತ್ರದ ಧೂಳು ಒರೆಸಿ, ಭಕ್ತಿಯಿಂದ ಕಣ್ಣಿಗೊತ್ತಿಕೊಂಡಿತು.