ಬೀಜಕ್ಕೆ ಕಟ್ಟು ಹಾಕಿದವನು

"ಗುರುಗಳೇ, ಮನೆಯಲ್ಲಿ ಬಿದ್ದ ಬಿರುಕನ್ನು ಮುಚ್ಚುವುದು ಹೇಗೆ?" ಎಂದು ಶಿಷ್ಯನು ಕೇಳಿದನು.

"ಯಾವ ಬಿರುಕು? ಸ್ಪಷ್ಟವಾಗಿ ಹೇಳು."

"ನನ್ನ ಮಗಳು ಇಷ್ಟು ವರ್ಷ ನನ್ನ ಮಾತು ಮೀರಿದವಳಲ್ಲ. ಈಗ ನಾನು ಒಂದು ಹೇಳಿದರೆ ಅವಳು ಇನ್ನೊಂದು ಹೇಳುತ್ತಾಳೆ. ನಾನು ಗೊತ್ತುಮಾಡಿದ ಓದು ಬೇಡ, ಬೇರೆ ಓದು ಬೇಕು ಎನ್ನುತ್ತಾಳೆ. ಅವಳು ಹೊರಗೆ ಹೋಗುವುದನ್ನೇ ನಿಲ್ಲಿಸಿದ್ದೇನೆ. ಪ್ರೀತಿಯಿಂದಲೇ ನಿಲ್ಲಿಸಿದ್ದೇನೆ."

ಗುರುಗಳು ಅವನ ಪ್ರೀತಿಯನ್ನು ಅನುಮಾನಿಸಲಿಲ್ಲ. "ನೆಟ್ಟಗೆ ಕುಳಿತುಕೋ. ನಡುವೆ ಮಾತನಾಡಬೇಡ," ಎಂದು ಹೇಳಿ ಕತೆಯನ್ನು ಆರಂಭಿಸಿದರು.

ಮೂಳೆ ಕಟ್ಟುವ ಒಬ್ಬ ವೈದ್ಯನಿದ್ದನು. ಮುರಿದ ಕೈಕಾಲುಗಳನ್ನು ಕೂಡಿಸಿ, ಬಿದಿರಿನ ದಬ್ಬೆ ಇಟ್ಟು, ಬಟ್ಟೆ ಸುತ್ತಿ ಬಿಗಿಯುವುದು ಅವನ ವೃತ್ತಿ. ಅವನು ಹಾಕಿದ ಕಟ್ಟು ಸಡಿಲವಾದದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ.

ಅವನ ಹೆಂಡತಿಗೆ ಜ್ವರ ಬಂದಿತು. ಜ್ವರ ಅವಳನ್ನು ಬಿಟ್ಟರೂ ಅವಳು ಹಾಸಿಗೆ ಬಿಡಲಿಲ್ಲ. ಅನ್ನ ಸೇರದು. ಬೆಲ್ಲ ಹಾಕಿ ಕಿವುಚಿದ ಬೆಣ್ಣೆಹಣ್ಣು ಮಾತ್ರ ಸೇರುತ್ತಿತ್ತು. ಆ ಹಣ್ಣು ಅವಳ ತಂಗಿಯ ಹಿತ್ತಿಲಿನದು. ಒಂದು ಸಂಜೆಯ ಗಾಳಿಗೆ ಆ ಮರ ಬುಡಸಹಿತ ಬಿದ್ದಿತು. ಕೊನೆಯ ಹಣ್ಣಿನ ಬೀಜವನ್ನು ಅವಳು ಎಸೆಯಗೊಡಲಿಲ್ಲ.

"ಇದನ್ನು ಬೆಳೆಸಿ," ಎಂದಳು. "ಇದು ಏಳುವ ದಿನ ನಾನೂ ಏಳುತ್ತೇನೆ."

ಅವಳು ನಗುತ್ತ ಹೇಳಿದಳು. ಅವನು ಅದನ್ನು ನಗೆಮಾತೆಂದು ತಿಳಿಯಲಿಲ್ಲ.

ಮಣ್ಣಿನಲ್ಲಿ ಹೂತರೆ ಮಲಗಿದವಳಿಗೆ ಬೇರು ಕಾಣುವುದಿಲ್ಲ. ಆದ್ದರಿಂದ ನೀರಿನಲ್ಲಿಯೇ ಬೆಳೆಸಲು ನಿಶ್ಚಯಿಸಿದನು. ಬೀಜದ ಸಿಪ್ಪೆ ತೆಗೆದನು. ನಡುವಿಗೆ ಮೂರು ಕಡ್ಡಿ ಚುಚ್ಚಿದನು. ಚೂಪು ತುದಿ ಮೇಲಕ್ಕಿದ್ದು, ಅಗಲವಾದ ತಳ ನೀರಿಗೆ ತಾಗುವಂತೆ ಗಾಜಿನ ಲೋಟದ ಬಾಯಿಗೆ ಅದನ್ನು ಕೂರಿಸಿದನು. ಲೋಟವನ್ನು ಮಂಚದ ಪಕ್ಕದ ಕಿಟಕಿಯಲ್ಲಿಟ್ಟನು. ನೀರು ಕದಡುವ ಮೊದಲೇ ಬದಲಿಸುತ್ತಿದ್ದನು. ಈ ಕೆಲಸವನ್ನು ಬೇರೆಯವರಿಗೆ ಒಪ್ಪಿಸಲಿಲ್ಲ.

ವಾರಗಳು ಕಳೆದವು. ಒಂದು ಬೆಳಗ್ಗೆ ನೀರು ಬದಲಿಸುವಾಗ ಬೀಜದ ತಳದಲ್ಲಿ ಬಿರುಕು ಕಂಡಿತು. ಹೆಂಡತಿ ಇನ್ನೂ ಎಚ್ಚರಗೊಂಡಿರಲಿಲ್ಲ. ಬೀಜ ಒಡೆದದ್ದನ್ನು ಕಂಡರೆ ಅವಳು ಮತ್ತೆ ಏಳುವ ಆಸೆಯನ್ನೇ ಬಿಡುವಳೆಂದು ಅವನು ಹೆದರಿದನು. ಒಡೆದದ್ದಕ್ಕೆ ಏನು ಮಾಡಬೇಕೆಂಬುದು ಅವನ ಕೈಗೆ ತಿಳಿದಿತ್ತು. ಮೇಣ ಸವರಿದ ಬಟ್ಟೆಯನ್ನು ಸುತ್ತಿ ದಾರದಿಂದ ಬಿಗಿದನು.

"ಅದೇನು ಬಟ್ಟೆ?" ಎಂದು ಹೆಂಡತಿ ಕೇಳಿದಳು.

"ಚಳಿಗೆ."

"ನನಗೆ ಎರಡು ಕಂಬಳಿ ಹೊದಿಸಿದ್ದು ಸಾಲದೆ ಅದಕ್ಕೂ ಹೊದಿಸಿದಿರಾ? ಕಿಟಕಿಗೂ ಒಂದು ಹೊದಿಸಿಬಿಡಿ, ಪಾಪ."

ಅವನು ನಗಲಿಲ್ಲ. ಆ ದಿನ ಅವಳು ಮಂಚದಿಂದ ಕಾಲು ಕೆಳಗಿಳಿಸಿದಾಗ, "ಬೇಡ, ಬೀಳುತ್ತೀ," ಎಂದು ಅವನೇ ಕಾಲುಗಳನ್ನು ಎತ್ತಿ ಮಂಚದ ಮೇಲಿಟ್ಟನು.

ಕೆಲವು ದಿನಗಳ ಮೇಲೆ ಬೀಜದ ಕಟ್ಟು ಸಡಿಲವಾಯಿತು. ಅವನ ಕಟ್ಟು ಸಡಿಲವಾದದ್ದು ಅದೇ ಮೊದಲು. ಅವನು ಇನ್ನೂ ಬಿಗಿದನು. ಮತ್ತೆ ಅದು ಅಲುಗಲಿಲ್ಲ. ಬೇರೂ ಹೊರಗೆ ಬರಲಿಲ್ಲ. ಹೆಂಡತಿ ಕಿಟಕಿಯ ಕಡೆ ನೋಡುವುದನ್ನು ಬಿಟ್ಟು ಗೋಡೆಯ ಕಡೆ ತಿರುಗಿ ಮಲಗತೊಡಗಿದಳು. ಬೆಣ್ಣೆಹಣ್ಣಿನ ಮಾತನ್ನೂ ಎತ್ತಲಿಲ್ಲ.

ಒಂದು ದಿನ ಗೋಡೆಯ ಕಡೆಯಿಂದಲೇ ಕೇಳಿದಳು. "ಮೂಳೆಗೆ ಹಾಕಿದ ಕಟ್ಟನ್ನು ಒಂದು ದಿನ ಬಿಚ್ಚುತ್ತೀರಿ. ಇದನ್ನು ಎಂದು ಬಿಚ್ಚುತ್ತೀರಿ?"

"ನಿನಗೆ ತಿಳಿದಿತ್ತೇ?"

"ಇಷ್ಟು ವರ್ಷ ನಿಮ್ಮ ಜೊತೆ ಬಾಳಿದವಳಿಗೆ ಕಂಬಳಿ ಯಾವುದು, ಕಟ್ಟು ಯಾವುದು ಎಂದು ತಿಳಿಯದೇ? ಬಿಚ್ಚಿ. ಒಡೆದಿದ್ದರೆ ಒಡೆದಿರಲಿ."

ಅವನು ಬಿಚ್ಚಿದನು. ಬಿರುಕಿನೊಳಗೆ ಬಿಳಿಯ ಬೇರೊಂದಿತ್ತು. ಕೆಳಗೆ ಇಳಿಯಲು ದಾರಿಯಿಲ್ಲದೆ ಅದು ಹಿಂದಕ್ಕೆ ಬಾಗಿ, ಬಟ್ಟೆಗೆ ಒತ್ತಿ ಚಪ್ಪಟೆಯಾಗಿತ್ತು. ಬೀಜ ಮುರಿದಿರಲಿಲ್ಲ. ತೆರೆದಿತ್ತು.

ವೈದ್ಯನು ದಾರವನ್ನು ಕೈಯಲ್ಲಿ ಹಿಡಿದೇ ನಿಂತನು. ಹೆಂಡತಿ ಈ ಕಡೆ ತಿರುಗಿ, ಬೀಜವನ್ನು ಬಿಟ್ಟು ಅವನ ಮುಖವನ್ನು ನೋಡಿದಳು.

"ಹೋಗಲಿ ಬಿಡಿ," ಎಂದಳು. "ಬಟ್ಟೆಯನ್ನು ಒಗೆದು ಇಡಿ. ನಾಳೆ ಯಾರದಾದರೂ ಕೈ ಮುರಿಯುತ್ತದೆ."

ಬೇರು ನಿಧಾನವಾಗಿ ನೆಟ್ಟಗಾಗಿ ನೀರಿಗಿಳಿಯಿತು. ಬಿರುಕು ಅಗಲವಾಯಿತು. ಅವಳು ಪ್ರತಿದಿನ ಬೆಳಗ್ಗೆ ಕಿಟಕಿಯ ಕಡೆ ನೋಡಿ, "ಇಂದು ಇನ್ನಷ್ಟು ಒಡೆದಿದೆ," ಎನ್ನುವಳು. "ಒಡೆಯಲಿ," ಎನ್ನುವನು ಅವನು.

ಆ ಸೀಳಿನ ನಡುವಿನಿಂದಲೇ ಮೊಳಕೆ ಎದ್ದಿತು. ಆ ಬೆಳಗ್ಗೆ ಅವಳು ಎರಡೂ ಕಾಲುಗಳನ್ನು ನೆಲಕ್ಕಿಟ್ಟಳು. ಅವನು ಹಿಡಿಯಲು ಕೈ ಚಾಚಿದನು. ಅರ್ಧದಲ್ಲಿಯೇ ಹಿಂತೆಗೆದು ಬೆನ್ನ ಹಿಂದೆ ಕಟ್ಟಿಕೊಂಡನು. ಅವಳು ಕಿಟಕಿಯ ಸರಳು ಹಿಡಿದು ಎದ್ದು ನಿಂತಳು. ಅವಳ ಕಾಲು ನಡುಗಿತು. ಆದರೂ ಅವನು ಮುಂದೆ ಬರಲಿಲ್ಲ.

ಗುರುಗಳು ಕತೆಯನ್ನು ನಿಲ್ಲಿಸಿದರು.

ಶಿಷ್ಯನು ಕೈಮುಗಿದು ಹೇಳಿದನು: "ಬೀಜದ ಮಾತು ತಿಳಿಯಿತು, ಗುರುಗಳೇ. ಆದರೆ ಮಗಳು ಬೀಜವಲ್ಲ. ತಂದೆ ಬೇಡವೆಂದ ದಾರಿಯಲ್ಲಿ ನಡೆದವರು ಎಲ್ಲಿಗೆ ಹೋಗಿ ಸೇರುತ್ತಾರೆ?"

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟು ಹೇಳಿದರು: "ನಿನ್ನ ತಂದೆ ಬೇಡವೆಂದ ದಾರಿಯಲ್ಲಿ ನಡೆದೇ ಅಲ್ಲವೇ, ನೀನು ನನ್ನ ಬಳಿಗೆ ಬಂದದ್ದು?"