ಮರಿಸ್ವಾಮಿ ಮೈ ಇಳಿಸಿದ್ದು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಆಶ್ರಮವೆಂದರೆ ದೊಡ್ಡದೇನಲ್ಲ. ಹೆಂಚಿನ ಎರಡು ಕೋಣೆ, ಮುಂದೊಂದು ಜಗಲಿ, ಹಿಂದೆ ಕಷಾಯ ಕಾಯಿಸುವ ಒಲೆ.

ಅಲ್ಲಿ ಗುರುಪಾದ ಪಂಡಿತರು ಕಾಯಿಲೆಯವರನ್ನು ನೋಡುತ್ತಿದ್ದರು. ಮದ್ದು ಕೊಡುವುದು ಕಮ್ಮಿ, ಪಥ್ಯ ಹೇಳುವುದೇ ಹೆಚ್ಚು. ಯಾರು ಏನು ತಿನ್ನಬೇಕು, ಏನು ಬಿಡಬೇಕು, ಎಷ್ಟು ನಡೆಯಬೇಕು, ಇದೇ ಅವರ ಮುಕ್ಕಾಲು ವೈದ್ಯ.

ಅವರ ಶಿಷ್ಯ ಮರಿಸ್ವಾಮಿ. ಹೆಸರಿನಲ್ಲಿ ಮಾತ್ರ ಮರಿ. ಜಗಲಿಯ ಮೇಲೆ ಕೂತರೆ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಉಳಿಯುತ್ತಿರಲಿಲ್ಲ. ಕಲಿತದ್ದನ್ನು ಮರೆಯುವವನಲ್ಲ, ಕೈಗುಣವೂ ಚೆನ್ನಾಗಿತ್ತು. ಆದರೆ ಊಟಕ್ಕೆ ಕೂತರೆ ಏಳಲು ಮನಸ್ಸು ಬರುತ್ತಿರಲಿಲ್ಲ, ಪಾಪ.

ಒಂದು ದಿನ ಗುರುಗಳು ಅವನನ್ನು ಗಾಣದ ಜವರಶೆಟ್ಟಿಯ ಮನೆಗೆ ಕಳಿಸಿದರು. ಶೆಟ್ಟಿಗೆ ಸಿಹಿಮೂತ್ರದ ಕಾಯಿಲೆ. ಕಾಲ್ಬೆರಳಿನಲ್ಲಿ ಒಂದು ಹುಣ್ಣಾಗಿ ವಾಸಿಯಾಗದೆ ನಿಂತಿತ್ತು.

ಮರಿಸ್ವಾಮಿ ನಾಡಿ ಹಿಡಿದ, ನಾಲಿಗೆ ನೋಡಿದ. ಆಮೇಲೆ ಕಷ್ಟಪಟ್ಟು ನೆಲಕ್ಕೆ ಕೂತು, ಶೆಟ್ಟಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಹುಣ್ಣಿನ ಸುತ್ತ ಒತ್ತುತ್ತಾ ಬಂದ.

“ಇಲ್ಲಿ ಗೊತ್ತಾಗುತ್ತಾ ಶೆಟ್ಟರೇ? ಇಲ್ಲಿ?”

ಶೆಟ್ಟಿಗೆ ಎಲ್ಲೂ ಗೊತ್ತಾಗಲಿಲ್ಲ. ಮರಿಸ್ವಾಮಿಗೆ ಹೆದರಿಕೆಯಾಯಿತು.

“ಬೆಲ್ಲ ಇವತ್ತೇ ಬಿಡಿ. ಅನ್ನ ಕಮ್ಮಿ ಮಾಡಿ. ಹುರುಳಿ, ಮೆಂತ್ಯ, ಸೊಪ್ಪು ತಿನ್ನಿ. ಹುಣ್ಣನ್ನ ದಿನಾ ತೊಳೀಬೇಕು. ಇದು ಹುಡುಗಾಟ ಅಲ್ಲ.”

ಶೆಟ್ಟಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಆಮೇಲೆ ಒಳಗಿದ್ದ ಹೆಂಡತಿಯನ್ನು ಕೂಗಿದ.

“ಲೇ, ಬಾರೇ ಇಲ್ಲಿ. ಊಟ ಕಮ್ಮಿ ಮಾಡು ಅಂತ ನನಗೆ ಹೇಳೋಕೆ ಯಾರು ಬಂದವ್ರೆ ನೋಡು!”

ಮನೆಮಂದಿಯೆಲ್ಲ ನಕ್ಕರು. ಶೆಟ್ಟಿ ಬೆಲ್ಲವನ್ನೂ ಬಿಡಲಿಲ್ಲ, ಅನ್ನವನ್ನೂ ಬಿಡಲಿಲ್ಲ. ಬೆರಳು ಕಪ್ಪಾಯಿತು, ಕೊಳೆಯುವುದು ಪಾದಕ್ಕೂ ಏರಿತು. ಕೊನೆಗೆ ಪಾದವನ್ನೇ ತೆಗೆಯಬೇಕಾಯಿತು.

ಸುದ್ದಿ ಬಂದ ದಿನ ಮರಿಸ್ವಾಮಿ ಎಲೆಯ ಮುಂದೆ ಕೂತವನು ತುತ್ತು ಮುಟ್ಟದೆ ಎದ್ದ.

“ನಾನು ಹೇಳಿದ್ದು ತಪ್ಪಾ ಗುರುಗಳೇ?”

“ತಪ್ಪಿಲ್ಲ. ನಾನು ಹೋಗಿದ್ರೂ ಅದನ್ನೇ ಹೇಳ್ತಿದ್ದೆ.”

“ನೀವು ಹೇಳಿದ್ರೆ ಅವನು ಕೇಳ್ತಿದ್ದ.”

“ಕೇಳ್ತಿದ್ದನೋ ಏನೋ.”

“ನನ್ನ ಹೊಟ್ಟೆ ಅವನ ಕಾಲು ತಿಂತು.”

ಗುರುಗಳು ಏನೋ ಹೇಳಲು ಹೋದರು, ಅಷ್ಟರಲ್ಲಿ ಕೆಮ್ಮು ಬಂತು. ಅವರಿಗೆ ಚಿಕ್ಕಂದಿನಿಂದ ಉಬ್ಬಸ. ಎಷ್ಟೋ ಜನರ ಉಬ್ಬಸ ವಾಸಿ ಮಾಡಿದ್ದರು, ತಮ್ಮದು ಮಾತ್ರ ಅವರನ್ನು ಬಿಟ್ಟು ಹೋಗಿರಲಿಲ್ಲ. ಕೆಮ್ಮು ನಿಲ್ಲುವವರೆಗೆ ಶಿಷ್ಯ ಕಾದ. ಬಹಳ ದಿನದಿಂದ ಮನಸ್ಸಿನಲ್ಲಿದ್ದ ಮಾತು ಅವತ್ತು ಬಾಯಿಗೆ ಬಂತು.

“ತಪ್ಪು ತಿಳ್ಕೋಬೇಡಿ ಗುರುಗಳೇ. ಉಬ್ಬಸದೋರು ನಿಮ್ಮ ಹತ್ರ ಬರ್ತಾರಲ್ಲ, ನಿಮ್ಮ ಕೆಮ್ಮು ಕೇಳಿ ಅವರು ನಗಲ್ವಾ?”

“ನಗ್ತಾರೇನೋಪ್ಪ. ನನಗೆ ಗೊತ್ತಾಗಲ್ಲ.”

“ಯಾಕೆ?”

“ಉಸಿರು ಕೇಳೋಕೆ ಅವರ ಬೆನ್ನಿಗೆ ಕಿವಿ ಕೊಟ್ಟಿರ್ತೀನಲ್ಲ.”

ಮರಿಸ್ವಾಮಿ ಕೇಳಿಸಿಕೊಂಡ, ಆದರೆ ಮಾತು ಒಳಗೆ ಇಳಿಯಲಿಲ್ಲ. ಅವನ ತಲೆಯಲ್ಲಿ ಶೆಟ್ಟಿಯ ಮನೆಯವರ ನಗುವೇ ತುಂಬಿತ್ತು.

“ನಾನು ಮೈ ಇಳಿಸ್ತೀನಿ.”

“ಇಳಿಸು. ಮಂಡಿಗೆ ಒಳ್ಳೇದು.”

ಅಷ್ಟೇ. ಗುರುಗಳು ಹರಸಲೂ ಇಲ್ಲ, ಬೇಡವೆನ್ನಲೂ ಇಲ್ಲ.

ಮರಿಸ್ವಾಮಿ ಹಟ ಹಿಡಿದ. ಹೊತ್ತಿಗೊಂದು ಬಟ್ಟಲು ಅಂಬಲಿ, ಒಂದಿಷ್ಟು ಬೇಯಿಸಿದ ಹುರುಳಿ, ಅದು ಬಿಟ್ಟರೆ ಬೇರೇನೂ ಇಲ್ಲ. ಬೆಳಕು ಹರಿಯುತ್ತಲೇ ಹೊಳೆಯ ಮರಳಿನಲ್ಲಿ ಓಡುತ್ತಿದ್ದ. ಆಶ್ರಮಕ್ಕೆ ಬೇಕಾದ ನೀರನ್ನೆಲ್ಲ ತಾನೇ ಹೊರುತ್ತಿದ್ದ. ಹಬ್ಬದ ದಿನ ಊರ ಕಡೆಯಿಂದ ಹೋಳಿಗೆಯ ವಾಸನೆ ಬಂದರೆ, ಎದ್ದು ಹೋಗಿ ಹೊಳೆಯಲ್ಲಿ ಕುತ್ತಿಗೆವರೆಗೆ ನಿಂತುಬಿಡುತ್ತಿದ್ದ. ನೋಡಿದವರಿಗೆ ಮೊದಲು ನಗು ಬರುತ್ತಿತ್ತು, ಆಮೇಲೆ ಅಯ್ಯೋ ಅನ್ನಿಸುತ್ತಿತ್ತು.

ವರ್ಷ ತಿರುಗುವಷ್ಟರಲ್ಲಿ ಆಳೇ ಬೇರೆಯಾಗಿದ್ದ. ಹೊಟ್ಟೆ ಬೆನ್ನಿಗೆ ಹತ್ತಿತ್ತು, ತೋಳು ಗಟ್ಟಿಯಾಗಿತ್ತು. ಸಣ್ಣ ಸಾಧನೆಯೇನಲ್ಲ ಅದು. ಅಷ್ಟು ಬಾಯಿ ಕಟ್ಟುವುದು ಎಲ್ಲರಿಂದಾಗುವ ಕೆಲಸವಲ್ಲ.

ಸುತ್ತಲ ಊರುಗಳಲ್ಲಿ ಸುದ್ದಿಯಾಯಿತು. ಮೈ ಭಾರದವರು, ಮಂಡಿ ನೋವಿನವರು, ಏದುಸಿರಿನವರು ಅವನನ್ನೇ ಹುಡುಕಿಕೊಂಡು ಬಂದರು. ಬಂದವರಿಗೆ ಅವನು ಮೊದಲು ಹೇಳುತ್ತಿದ್ದ ಮಾತು ಒಂದೇ.

“ನಾನು ಹೇಗಿದ್ದೆ ಗೊತ್ತಾ?”

ಹಳೆಯ ಅಂಗಿಯನ್ನು ಜಗಲಿಯ ಗೂಟಕ್ಕೆ ನೇತುಹಾಕಿದ್ದ. ಅದನ್ನು ತೊಟ್ಟು ತೋರಿಸುತ್ತಿದ್ದ. ಒಳಗೆ ಇನ್ನೊಬ್ಬ ಆಳು ಹಿಡಿಸುವಷ್ಟು ಜಾಗ. ಜನ ಬಾಯಿ ಬಿಟ್ಟು ನೋಡುತ್ತಿದ್ದರು. ನಗುವವರು ಒಬ್ಬರೂ ಇರಲಿಲ್ಲ. ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡುತ್ತಿದ್ದರು.

ನಾಡಿ ಹಿಡಿಯುವುದು, ಒತ್ತಿ ಒತ್ತಿ ಕೇಳುವುದು ಬರಬರುತ್ತಾ ಕಮ್ಮಿಯಾಯಿತು. ಆಮೇಲೆ ನಿಂತೇ ಹೋಯಿತು. ನೋಡಿದರೆ ಸಾಲದೇ? ಕಣ್ಣಿಗೆ ಕಾಣುತ್ತದಲ್ಲ.

ಗುರುಗಳು ಒಂದು ಸಂಜೆ ವಿಚಾರಿಸಿದರು.

“ಇವತ್ತು ಬಂದಿದ್ದ ಮುದುಕನಿಗೆ ಏನು ಕಾಯಿಲೆ?”

“ಬೊಜ್ಜು ಗುರುಗಳೇ.”

“ನಿನ್ನೆ ಬಂದಿದ್ದವಳಿಗೆ?”

“ಅವಳಿಗೂ ಅದೇ.”

“ಏನು ಪಥ್ಯ ಹೇಳ್ದೆ?”

“ನಾನು ಮಾಡಿದ್ದನ್ನೇ ಹೇಳ್ದೆ.”

“ಹೂಂ. ಸೀಮೆಗೆಲ್ಲ ಈಗ ಒಂದೇ ಕಾಯಿಲೆ ಅನ್ನು.”

ಮರಿಸ್ವಾಮಿ ಇದನ್ನು ಹೊಗಳಿಕೆ ಎಂದುಕೊಂಡ.

ಗುರುಗಳು ಬೇರು ತರಲು ಗುಡ್ಡಕ್ಕೆ ಹೋಗಿದ್ದ ಒಂದು ಬೆಳಗ್ಗೆ ಲಕ್ಕಮ್ಮ ಎಂಬ ಹೆಂಗಸು ಬಂದಳು. ಸುಣ್ಣದ ಗೂಡಿನ ಹನುಮಬೋವಿಯ ಹೆಂಡತಿ. ಮುಖ ದುಂಡಗಾಗಿತ್ತು, ಕಾಲು ದಪ್ಪಗಾಗಿತ್ತು. ಜಗಲಿಯ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

“ನನ್ನ ಮೈ ನೋಡಿ ಸ್ವಾಮಿ. ಕೂತ್ಕೊಂಡು ತಿಂದು ಕೊಬ್ಬಿದೀಯ ಅಂತ ನಮ್ಮತ್ತೆ ದಿನಾ ಆಡ್ಕೋತಾರೆ. ಹೆರಿಗೆ ಆದ ಮೇಲೆ ನನಗೆ...”

“ಹೆರಿಗೆ ಆದ ಮೇಲೆ ಎಲ್ಲರಿಗೂ ಹಾಗೇ ಕಣಮ್ಮ. ನಾನು ಹೇಗಿದ್ದೆ ಗೊತ್ತಾ?”

ಅಂಗಿ ತೊಟ್ಟು ತೋರಿಸಿದ. ಅಂಬಲಿಯ ಲೆಕ್ಕ ಹೇಳಿದ, ಹೊಳೆ ದಂಡೆಯ ಮೇಲೆ ನಡೆಯಬೇಕು ಎಂದ. ಲಕ್ಕಮ್ಮ ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಕೈಮುಗಿದಳು.

“ನೀವೇ ಮಾಡಿ ತೋರ್ಸಿದೀರ. ನಾನೂ ಮಾಡ್ತೀನಿ ಸ್ವಾಮಿ.”

ತಿಂಗಳೂ ಕಳೆದಿರಲಿಲ್ಲ. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಒಂದು ಎತ್ತಿನ ಗಾಡಿ ಆಶ್ರಮದ ಮುಂದೆ ಬಂದು ನಿಂತಿತು. ಹನುಮಬೋವಿ ಹೆಂಡತಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಜಗಲಿಯ ಮೇಲೆ ಮಲಗಿಸಿದ. ಅಂಥ ಬಿಸಿಲಿನಲ್ಲೂ ಅವಳು ನಡುಗುತ್ತಿದ್ದಳು. ತುಟಿ ಬಿಳಿಚಿಕೊಂಡಿತ್ತು.

“ಹೊದಿಸೋಕೆ ಏನಾದ್ರೂ ತಾ,” ಎಂದರು ಗುರುಗಳು.

ಕೈಗೆ ಸಿಕ್ಕಿದ್ದು ಗೂಟದ ಮೇಲಿನ ಅಂಗಿ. ಮರಿಸ್ವಾಮಿ ಅದನ್ನೇ ಹೊದಿಸಿದ.

ಗುರುಗಳು ಅವಳ ಕಣ್ಣಿನ ರೆಪ್ಪೆ ಬಿಡಿಸಿದರು. ಒಳಗೆ ಕೆಂಪಿನ ಸುಳಿವೇ ಇರಲಿಲ್ಲ. ಆಮೇಲೆ ಮೊಣಕಾಲಿನ ಕೆಳಗೆ ಹೆಬ್ಬೆರಳಿಟ್ಟು ಒತ್ತಿ ಹಿಡಿದು, ತೆಗೆದರು.

“ನೋಡು.”

ಒತ್ತಿದ ಜಾಗದಲ್ಲಿ ಕುಳಿ ಬಿದ್ದಿತ್ತು. ಅದು ಮೇಲೇಳಲಿಲ್ಲ. ಮರಿಸ್ವಾಮಿ ನೋಡುತ್ತಲೇ ನಿಂತ. ಅವನಿಗೆ ಎಲ್ಲವೂ ತಿಳಿಯಿತು.

“ಕೊಬ್ಬಲ್ಲ,” ಎಂದ ಮೆಲ್ಲಗೆ. “ಕಾಲಲ್ಲಿ ನೀರು ತುಂಬಿದೆ. ಮೈಯಲ್ಲಿ ರಕ್ತ ಇಲ್ಲ.”

“ಹೆರಿಗೇಲಿ ರಕ್ತ ಬಾಳ ಹೋಯ್ತು ಬುದ್ಧಿ,” ಎಂದ ಹನುಮಬೋವಿ. “ಆಮ್ಯಾಕೆ ಊಟಾನೇ ಸೇರ್ತಿರಲಿಲ್ಲ. ಇಲ್ಲಿಗೆ ಬಂದು ಹೋದ ಮೇಲೆ ತಿಂತಿದ್ದ ಅಷ್ಟನ್ನೂ ಬಿಟ್ಲು. ನಾನು ಬೈದೆ. ಆ ಸ್ವಾಮಿ ತಾವೇ ಮಾಡಿ ತೋರ್ಸವ್ರೆ, ಅವರು ಸುಳ್ಳು ಹೇಳ್ತಾರಾ ಅಂತ ನನಗೇ ಬೈದ್ಲು. ನಿಲ್ಲೋಕೆ ಆಗ್ದೇ ಇದ್ರೂ ಹೊಳೆ ದಂಡೇಲಿ ನಡೀತಿದ್ಲು.”

ಗುರುಗಳು ಅವಳ ನಾಡಿ ಹಿಡಿದರು.

“ಬದುಕ್ತಾಳಾ ಬುದ್ಧಿ?”

“ಗೊತ್ತಿಲ್ಲಪ್ಪ,” ಎಂದರು ಗುರುಗಳು. “ಮಗು ಎಲ್ಲಿ?”

“ನಮ್ಮವ್ವನ ಹತ್ರ.”

“ಇವಳು ಇಲ್ಲೇ ಇರ್ಲಿ. ಮರಿಸ್ವಾಮಿ, ಗಂಜಿ ಕಾಯಿಸು. ತೆಳ್ಳಗಿರ್ಲಿ. ಚಮಚದಲ್ಲಿ ಕೊಡು. ಒಂದೇ ಸಲ ಕೊಟ್ರೆ ಇಷ್ಟು ಹಸಿದ ಮೈ ತಡ್ಕೊಳ್ಳಲ್ಲ.”

ಮರಿಸ್ವಾಮಿ ಗಂಜಿ ಕಾಯಿಸಿದ. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚ ಚಮಚವಾಗಿ ಕುಡಿಸಿದ. ಅರ್ಧ ಬಾಯಿಂದ ಹೊರಗೆ ಬರುತ್ತಿತ್ತು. ಒರೆಸಿ ಮತ್ತೆ ಕುಡಿಸಿದ.

ಸ್ವಲ್ಪ ಹೊತ್ತಾದ ಮೇಲೆ ಹನುಮಬೋವಿಯ ಮುಂದೆ ಹೋಗಿ ನಿಂತ.

“ಅಣ್ಣ, ನಿನ್ನ ಹೆಂಡತಿ ಏನೂ ತಪ್ಪು ಮಾಡ್ಲಿಲ್ಲ. ತಪ್ಪು ನಂದು. ಅವತ್ತು ನಾನು ಆಕೆಯ ಕೈ ಕೂಡ ಹಿಡಿದು ನೋಡ್ಲಿಲ್ಲ.”

ಹನುಮಬೋವಿ ಹೊಡೆಯಲು ಕೈ ಎತ್ತುತ್ತಾನೇನೋ ಎಂದು ಮರಿಸ್ವಾಮಿ ಅಂದುಕೊಂಡಿದ್ದ. ಎತ್ತಿದ್ದರೆ ಒಳ್ಳೆಯದೇ ಆಗುತ್ತಿತ್ತು. ಆದರೆ ಅವನು ಸುಮ್ಮನೆ ಕೇಳಿದ.

“ನೋಡ್ದೆ ಹೆಂಗೆ ಹೇಳಿದ್ರಿ ಸ್ವಾಮಿ?”

ಮರಿಸ್ವಾಮಿ ಮತ್ತೆ ಗಂಜಿಯ ಬಟ್ಟಲು ಎತ್ತಿಕೊಂಡ.

ಲಕ್ಕಮ್ಮ ಬದುಕಿದಳು. ಆದರೆ ಸುಲಭವಾಗಿ ಅಲ್ಲ. ಒಂದು ದಿನ ಗೆಲುವು ಕಂಡರೆ ಮರುದಿನ ಕಣ್ಣೇ ಬಿಡುತ್ತಿರಲಿಲ್ಲ. ಗಂಜಿ ಹೋಗಿ ಹಾಲನ್ನ ಬಂತು, ಹಾಲನ್ನ ಹೋಗಿ ಸೊಪ್ಪಿನ ಸಾರು, ಎಳ್ಳು, ಬೆಲ್ಲ ಬಂದವು. ಕಾಲಿನ ಊತ ಇಳಿಯಿತು. ಊತ ಇಳಿದ ಮೇಲೆ ನೋಡಿದರೆ, ಅವಳು ಮೂಳೆ ಚಕ್ಕಳದ ಹೆಂಗಸು. ಕೊಬ್ಬು ಎಂದು ಅವನು ಇಳಿಸಲು ಹೊರಟಿದ್ದ ಮೈಯಲ್ಲಿ ಇಳಿಸುವುದಕ್ಕೆ ಏನೂ ಇರಲಿಲ್ಲ. ಅದನ್ನು ಕಂಡು ಮರಿಸ್ವಾಮಿ ಒಲೆಯ ಹಿಂದೆ ಹೋಗಿ ಅತ್ತ.

ಗಂಡನ ಜೊತೆ ಹೊರಟು ನಿಂತಾಗ ಅವಳು ಗುರುಗಳಿಗೆ ಕೈಮುಗಿದಳು. ಮರಿಸ್ವಾಮಿಗೂ ಕೈಮುಗಿದಳು. ಶೆಟ್ಟಿಯ ಮನೆಯವರ ನಗುವಿಗಿಂತ ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಅವತ್ತಿನಿಂದ ಮರಿಸ್ವಾಮಿ ಜಗಲಿಯ ಮೇಲೆ ಕೂರುವುದನ್ನೇ ಬಿಟ್ಟ. ಯಾರಾದರೂ ಬಂದರೆ ಹಿತ್ತಲಿಗೆ ಹೋಗಿಬಿಡುತ್ತಿದ್ದ. ಕೊನೆಗೊಂದು ದಿನ ಬಟ್ಟೆ ಗಂಟು ಕಟ್ಟಿ ಗುರುಗಳ ಕೋಣೆಯ ಬಾಗಿಲಿಗೆ ಬಂದು ನಿಂತ.

ಗುರುಗಳಿಗೆ ಅವತ್ತು ಉಬ್ಬಸ ಜೋರಾಗಿತ್ತು. ಗೋಡೆಗೆ ಒರಗಿ ಕೂತಿದ್ದರು.

“ಎಲ್ಲಿಗೆ?”

“ಊರಿಗೆ. ಅಣ್ಣನ ಜೊತೆ ಗದ್ದೆ ನೋಡ್ಕೋತೀನಿ. ಈ ಕೆಲಸ ನನ್ನಿಂದಾಗಲ್ಲ ಗುರುಗಳೇ.”

“ಸರಿ. ಹೋಗೋಕೆ ಮುಂಚೆ ಏನಾದ್ರೂ ಕೇಳೋದಿದ್ರೆ ಕೇಳು.”

ಮರಿಸ್ವಾಮಿ ಗಂಟನ್ನು ಕೆಳಗಿಡದೆಯೇ ಕೇಳಿದ.

“ದಪ್ಪಗಿದ್ದಾಗ ಸರಿಯಾದ್ದು ಹೇಳ್ದೆ. ನಂಬಲಿಲ್ಲ, ಒಬ್ಬನ ಕಾಲು ಹೋಯ್ತು. ತೆಳ್ಳಗಾದ ಮೇಲೆ ತಪ್ಪು ಹೇಳ್ದೆ. ನಂಬಿದ್ಲು, ಜೀವಾನೇ ಹೋಗ್ತಿತ್ತು. ನಾನು ಹೇಗಿದ್ರೂ ಒಬ್ಬರಿಗೆ ಕೇಡೇ. ನೀವೇ ಹೇಳಿ, ವೈದ್ಯನಾದವನ ಮೈ ಹೇಗಿರಬೇಕು?”

ಗುರುಗಳು ಉತ್ತರ ಕೊಡುವ ಮೊದಲೇ ಹೊರಗಿನಿಂದ ಯಾರೋ ಕೂಗಿದರು.

“ಯಾರಾದ್ರೂ ಇದೀರಾ ಸ್ವಾಮಿ?”

ಒಬ್ಬ ಮುದುಕ. ಹೊಟ್ಟೆಯನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದು ಮೆಟ್ಟಿಲ ಮೇಲೆ ಮುದುಡಿ ಕೂತಿದ್ದ.

ಗುರುಗಳು ಗೋಡೆ ಹಿಡಿದು ಏಳಲು ನೋಡಿದರು. ಉಸಿರು ಸಾಲಲಿಲ್ಲ. ಮತ್ತೆ ಕೂತರು.

ಮರಿಸ್ವಾಮಿ ಗುರುಗಳ ಮುಖ ನೋಡಿದ, ಬಾಗಿಲಿನ ಕಡೆ ನೋಡಿದ. ಗಂಟನ್ನು ಎದೆಗೆ ಅವುಚಿಕೊಂಡ.

“ನನಗೆ ಹೆದರಿಕೆ ಆಗುತ್ತೆ.”

“ಆಗ್ಲಿ.”

“ಮತ್ತೆ ತಪ್ಪಿದ್ರೆ?”

ಮುದುಕ ಹೊರಗೆ ನರಳಿದ. ಗುರುಗಳು ಉಸಿರು ಕೂಡಿಸಿಕೊಂಡು, ತಡೆದು ತಡೆದು ಹೇಳಿದರು:

“ಮೊದಲು ಹೋಗಿ ಅವನ ಮೈ ಹೇಗಿದೆ, ಮುಟ್ಟಿ ನೋಡ್ಕೊಂಡು ಬಾ. ಬಂದ ಮೇಲೂ ನಿನ್ನ ಮೈ ನಿನಗೆ ನೆನಪಿದ್ರೆ, ಆಗ ಕೂತು ಮಾತಾಡೋಣ.”